ಕೂಸಿನ ಜಾಗ

ಗರ್ಭಚೀಲ ತೆಗೆದ ಮೇಲೆ ಎರಡು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ರುಕ್ಮಿಣಿಬಾಯಿ ಐವತ್ತು ದಿನ ಹೇಗೋ ಮನೆಯಲ್ಲಿ ಕಳೆದಳು. ಐವತ್ತೊಂದನೆಯ ದಿನ ಸಂಜೆ ಹಂಚಿನ ಮೇಲೆ ರೊಟ್ಟಿ ಹಾಕಿ, ಅದಕ್ಕೆ ನೀರು ಸವರುತ್ತ, ಗಂಡನ ಕಡೆ ನೋಡದೆ ಕೇಳಿದಳು.

"ಇನ್ನರ ತೋರಸ್ತಿ ಏನು?"

ಜಗದೇವ ಗೋಡೆಗೆ ಒರಗಿ ಕೂತು ಉಳ್ಳಾಗಡ್ಡಿ ಜಜ್ಜುತ್ತಿದ್ದ. ಏನು ತೋರಿಸುವುದು ಎಂದು ಅವನು ಕೇಳಲಿಲ್ಲ.

"ಅತ್ತಿ ಹೋಗಿ ಮೂರು ವರ್ಷ ಆತು," ಎಂದಳು. "ಈಗ ನನ್ನ ಹೊಟ್ಟ್ಯಾಗಿನ ಚೀಲನೂ ಹೋತು. ಇನ್ನ ಯಾವ ಕೂಸಿಗಿ ದೋಷ ಬಡೀತದಂತ ಮುಚ್ಚಿಡ್ತಿ?"

"ದ್ರಾಕ್ಷಿ ಬಳ್ಳಿ ಕತ್ತರಸೂ ಚಾಟ್ನಿ ಮುಗೀಲಿ ಬೇ. ಮ್ಯಾಲ ಕಲ್ಲ ಸಂದಿ ಸಂದಿ ಏರಬೇಕು. ನಿನಗ ಹೊಲಿಗಿ ಹಾಕ್ಯಾರ."

"ಚಾಟ್ನಿ ವರ್ಷಾ ಬರ್ತದ. ಹೊಲಿಗಿ ಮಾಯ್ದಾದ."

ರೊಟ್ಟಿ ಉಬ್ಬಿತು. ಅವಳು ಅದನ್ನು ಬಟ್ಟೆಯಿಂದ ಒತ್ತಿ, ತಿರುವಿ ಹಾಕಿದಳು. "ಮಂಗಳವಾರ ಮಂದೀನ ಕರಕೊಂಡು ಜೀಪ ಬರಂಗಿಲ್ಲಲ್ಲ? ಮಂಗಳವಾರ ಹೋಗೂಣು," ಎಂದಳು. ಅದು ಕೇಳಿದ ಮಾತಾಗಿರಲಿಲ್ಲ, ಹೇಳಿದ ಮಾತಾಗಿತ್ತು.

ಹದಿಮೂರು ವರ್ಷದ ಹಿಂದೆ, ಮದುವೆಯಾದ ಮರುವರ್ಷ, ರುಕ್ಮಿಣಿಬಾಯಿಗೆ ಒಂದು ಹೆಣ್ಣುಕೂಸು ಹುಟ್ಟಿತ್ತು. ಹೆರಿಗೆಯ ಹೊತ್ತಿಗೇ ಅವಳಿಗೆ ಫಿಟ್ಸ್ ಬಂದು ಎಚ್ಚರ ತಪ್ಪಿತು. ಅವಳನ್ನು ಕಲಬುರಗಿಗೆ ಸಾಗಿಸಿದರು. ಕೂಸು ಒಂದು ರಾತ್ರಿ ಬದುಕಿ ಬೆಳಗಿನ ಜಾವ ಹೋಯಿತು. ಮೂರನೆಯ ದಿನ ಅವಳು ಕಣ್ಣು ತೆರೆದು ಮಗ್ಗುಲು ತಡವಿದಾಗ ಅಲ್ಲಿ ಮಡಚಿಟ್ಟ ಟವಲು ಮಾತ್ರ ಇತ್ತು. ಅವಳು ಕೂಸಿನ ಮುಖ ನೋಡಲಿಲ್ಲ.

ಹಲ್ಲು ಬರದ ಕೂಸನ್ನು ಊರ ಮಸಣದಲ್ಲಿ ಹುಗಿಯುವುದಿಲ್ಲ. ತಂದೆಯಾದವನು ಒಬ್ಬನೇ ಎತ್ತಿಕೊಂಡು ಹೋಗಿ, ನೇಗಿಲು ತಾಗದ ನೆಲ ನೋಡಿ ಹುಗಿದು, ತಿರುಗಿ ನೋಡದೆ ಬರಬೇಕು. ಮೇಲೆ ಗುರುತು ಇಡಬಾರದು. ಹೆತ್ತವಳಿಗೆ ಜಾಗ ಹೇಳಲೇಬಾರದು. ಹೇಳಿದರೆ ಅವಳು ಹೋಗಿ ಹೋಗಿ ಅಳುತ್ತಾಳೆ, ಮುಂದೆ ಹುಟ್ಟುವ ಕೂಸು ಆ ಅಳು ಕೇಳಿ ಅಕ್ಕನ ಬೆನ್ನು ಹತ್ತುತ್ತದೆ. ಜಗದೇವನ ತಾಯಿ ಗುರಮ್ಮ ಇದನ್ನೆಲ್ಲ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಮಗನಿಗೆ ಹೇಳಿ, ಅವನ ಕೈ ತನ್ನ ತಲೆಯ ಮೇಲೆ ಇಡಿಸಿಕೊಂಡು ಮಾತು ತೆಗೆದುಕೊಂಡಿದ್ದಳು. ಜಗದೇವ ಭಂತೇಜಿಯ ಮುಂದೆ ನಿಂತು ಇಪ್ಪತ್ತೆರಡು ಪ್ರತಿಜ್ಞೆ ಹೇಳಿ ಬೌದ್ಧನಾದವನು. ದೋಷ, ದೆವ್ವ, ಗಾಳಿ ಇವನ್ನೆಲ್ಲ ನಂಬುವುದಿಲ್ಲವೆಂದು ವಿಹಾರದಲ್ಲಿ ಮಂದಿಗೆ ತಾನೇ ಹೇಳುತ್ತಿದ್ದ. ಆದರೆ ಆ ಹೊತ್ತು ಒಳಗೆ ಹೆಂಡತಿಗೆ ಎಚ್ಚರವಿರಲಿಲ್ಲ, ಹೊರಗೆ ತಾಯಿ ಅಳುತ್ತಿದ್ದಳು. ಅವನು ಹೂಂ ಅಂದ.

ಆಮೇಲೆ ಮೂರು ಸಲ ಬಸುರು ನಿಂತು ಮೂರು ಸಲವೂ ಇಳಿಯಿತು. ಪ್ರತಿ ಸಲ ರುಕ್ಮಿಣಿಬಾಯಿ ಕೇಳುತ್ತಿದ್ದಳು. ಪ್ರತಿ ಸಲ ಅವನು, "ಅವ್ವಗ ಮಾತು ಕೊಟ್ಟೇನಿ," ಎನ್ನುತ್ತಿದ್ದ.

ಆ ಮಾತಿನಲ್ಲಿ ಅರ್ಧವನ್ನು ಅವನು ಅಂದೇ ಮುರಿದಿದ್ದ. ಖಜೂರಿಯಿಂದಾಚೆ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡು, ಸೀತಾಫಲ ಮತ್ತು ಕಾರೆಮುಳ್ಳಿನ ಕುರುಚಲು ಅಡವಿಯಿದೆ. ಅಡವಿಯ ನಡುವೆ ಒಂದು ಹಳ್ಳ ಬಂಡೆಯಿಂದ ಕೆಳಗೆ ಬೀಳುತ್ತದೆ. ಅದಕ್ಕೆ ಧಬಧಬಿ ಎನ್ನುತ್ತಾರೆ. ಧಬಧಬಿಯ ಮೇಲೆ ಕರೀ ಕಲ್ಲಿನ ಒಂದು ಹಾಳುಗುಡಿ. ಗುಡಿಯ ಹಿಂದಿನ ಇಳಿಜಾರಿನಲ್ಲಿ ಅವನು ಕೂಸನ್ನು ಹುಗಿದು, ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು, ಗುಡಿಯಿಂದ ಉದುರಿದ್ದ ಮೂರು ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟಿದ್ದ. ಈ ಮೂರು ಕಲ್ಲಿನ ಸಂಗತಿ ಅವನೊಬ್ಬನಿಗೇ ಗೊತ್ತಿತ್ತು.

ಐದು ವರ್ಷ ಅಲ್ಲಿಗೆ ಕುರಿಯವರ ಹೊರತು ಯಾರೂ ಬರಲಿಲ್ಲ. ಆಮೇಲೆ ಊರಿನ ದೊಡ್ಡ ರೈತ ಮಹೇಶಕುಮಾರ ಅಡವಿಯ ಅಂಚಿನ ತನ್ನ ಹೊಲದಲ್ಲಿ ತೊಗರಿ ಬಿಟ್ಟು ವೈನಿನ ದ್ರಾಕ್ಷಿ ಹಚ್ಚಿದ. ಅವನ ತಂದೆ ದೊಡ್ಡಪ್ಪ, ಮೂರು ಹೊತ್ತು ಲಿಂಗಪೂಜೆ ಮಾಡುವ ಮನುಷ್ಯ, "ಬಸವಣ್ಣನ ಮಂದಿ ಹೊಲದಾಗ ಸೆರೆ ಬೆಳಿತೀಯೇನಲೇ," ಎಂದು ಒಂದು ವರ್ಷ ಮಗನ ಜೊತೆ ಮಾತು ಬಿಟ್ಟ. ಮಗ, "ನಾ ದ್ರಾಕ್ಷಿ ಬೆಳಿತೇನಪ್ಪ, ಅದು ಮುಂದ ಏನಾಗ್ತದೋ ಅದರ ಹಣೆಬರಹ," ಎಂದ. ಬಳ್ಳಿ ಹಬ್ಬಿತು. ವೈನ್ ಮಾಡುವ ಉಕ್ಕಿನ ಹಂಡೆಗಳು ಬಂದವು. ಸೋಲಾಪುರ, ಪುಣೆ, ಹೈದರಾಬಾದಿನಿಂದ ಶನಿವಾರ ರವಿವಾರ ಮಂದಿ ಬರತೊಡಗಿದರು. ವೈನ್ ರುಚಿ ನೋಡಿದ ಮೇಲೆ ಅವರಿಗೆ ತಿರುಗಾಡಲು ಏನಾದರೂ ಬೇಕಿತ್ತು. ಅಡವಿ ಗೊತ್ತಿದ್ದವನೆಂದು ಮಹೇಶಕುಮಾರ ಜಗದೇವನಿಗೆ ಒಂದು ಟೋಪಿ ಕೊಟ್ಟು ಮುಂದೆ ಬಿಟ್ಟ.

ಮೊದಮೊದಲು ಜಗದೇವ ಗೊತ್ತಿದ್ದಷ್ಟೇ ಹೇಳುತ್ತಿದ್ದ. ಮಂದಿ ಫೋನು ನೋಡುತ್ತ ನಿಲ್ಲುತ್ತಿದ್ದರು. ಒಂದು ದಿನ ಸುಮ್ಮನೆ ಒಂದು ಕತೆ ಹೇಳಿದ, ಫೋನುಗಳು ಕೆಳಗಿಳಿದವು. ಗುಡಿಯ ಬಾಗಿಲಲ್ಲಿ ಕಲ್ಲಿನ ಆನೆಯೊಂದಿದೆ, ಅದಕ್ಕೆ ಸೊಂಡಿಲಿಲ್ಲ. ಹೇಗೆ ಮುರಿಯಿತೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಜಗದೇವನಿಗೆ ಮೂರು ಥರ ಗೊತ್ತಿತ್ತು. ಪುಣೆಯವರಿಗೊಂದು, ಹೈದರಾಬಾದಿನವರಿಗೊಂದು, ಮಕ್ಕಳು ಬಂದರೆ ಇನ್ನೊಂದು.

ಹೀಗೇ ಒಂದು ರವಿವಾರ ಒಬ್ಬ ಹೆಣ್ಣುಮಗಳು ಗುಡಿಯ ಹಿಂದೆ ಹೋದವಳು ಮೂರು ಕಲ್ಲು ನೋಡಿ, ಮೇಲಿನದನ್ನು ಕೈಯಲ್ಲಿ ಎತ್ತಿಕೊಂಡು, ಇದೇನೆಂದು ಕೇಳಿದಳು. ಜಗದೇವ ಒಂದು ಹೆಜ್ಜೆ ಮುಂದೆ ಬಂದ. ಇದು ನನ್ನ ಕೂಸಿನದು, ಇಟ್ಟುಬಿಡಿ ಎನ್ನಬಹುದಿತ್ತು. ಆದರೆ ಜೀಪಿನ ಡ್ರೈವರ್ ಅಬ್ರಾರ ಅಲ್ಲೇ ನಿಂತಿದ್ದ. ಅಬ್ರಾರನ ತಾಯಿ ಬೀಬಿಜಾನ ದ್ರಾಕ್ಷಿ ತೋಟದಲ್ಲಿ ರುಕ್ಮಿಣಿಬಾಯಿಯ ಜೊತೆಗೇ ಕತ್ತರಿ ಹಿಡಿಯುವವಳು. ಮಾತು ಸಂಜೆಯೊಳಗೆ ಮನೆ ಮುಟ್ಟುತ್ತಿತ್ತು.

"ಇಲ್ಲಿ ಮೂರು ಕಲ್ಲ ಇಟ್ಟರ ಸ್ವಂತ ಮನಿ ಆಗ್ತದ್ರಿ ಬಾಯಾರ," ಎಂದ. ಬೇರೆ ಗುಡ್ಡಗಳಲ್ಲಿ ಮಂದಿ ಹಾಗೆ ಕಲ್ಲಿಡುವುದನ್ನು ನೋಡಿದ್ದ. "ಮದಲ ಇಟ್ಟಿದ್ದು ಮಾತ್ರ ಮುಟ್ಟಬಾರದ್ರಿ. ನಿಮ್ಮದು ನೀವು ಬ್ಯಾರೆ ಇಡ್ರಿ."

ಅವಳು ಕಲ್ಲನ್ನು ಇದ್ದಲ್ಲಿಟ್ಟು, ಪಕ್ಕದಲ್ಲಿ ತನ್ನದೊಂದು ಇಟ್ಟಳು. ಗಂಡನಿಂದ ಫೋಟೊ ತೆಗೆಸಿಕೊಂಡಳು. ಕೂಸಿನ ಕಲ್ಲು ಉಳಿಯಿತೆಂದು ಜಗದೇವನಿಗೆ ಅಂದು ಸಮಾಧಾನವಾಗಿತ್ತು.

ಮುಂದಿನ ವಾರ ಬಂದವರು, "ಮನೆಯ ಕಲ್ಲು ಎಲ್ಲಿ?" ಎಂದು ತಾವೇ ಕೇಳಿದರು. ವರ್ಷದೊಳಗೆ ನೂರಾರು ಗುಪ್ಪೆಗಳಾದವು. ಆದರೂ ತನ್ನದು ಯಾವುದೆಂದು ಅವನಿಗೆ ಗೊತ್ತಿತ್ತು. ಮಂದಿ ಫೋಟೊದಲ್ಲಿದ್ದಾಗ ಅದರ ಹತ್ತಿರ ಹೋಗಿ ಒಂದು ನಿಮಿಷ ನಿಂತು ಬರುತ್ತಿದ್ದ. ಮೊದಲು ವರ್ಷಕ್ಕೊಮ್ಮೆ ಕದ್ದು ಬರುತ್ತಿದ್ದವನಿಗೆ ಈಗ ವಾರಕ್ಕೆರಡು ದಿನ, ಕೆಲಸದ ಮೇಲೆಯೇ, ಬಂದು ನಿಲ್ಲುವುದು ಸಾಧ್ಯವಾಗಿತ್ತು.

ಕೊರೊನಾ ಬಂದು ಜೀಪುಗಳು ನಿಂತವು. ಆ ವರ್ಷ ಅಕ್ಟೋಬರಿನಲ್ಲಿ ಮಳೆ ಹಗಲೂರಾತ್ರಿ ಹೊಡೆಯಿತು. ಅಫಜಲಪುರ, ಜೇವರ್ಗಿ ಕಡೆ ಭೀಮೆ ಊರೊಳಗೆ ಬಂತು. ಜೇವರ್ಗಿ ತಾಲೂಕಿನ ತಂಗಿಯ ಮನೆಗೆ ನೀರು ಹೊಕ್ಕಿತೆಂದು ಹೋದ ಜಗದೇವ ಎರಡು ತಿಂಗಳು ಅಲ್ಲೇ ಉಳಿದ. ತಿರುಗಿ ಬಂದು ಹಾಳುಗುಡಿಗೆ ಹೋಗಿ ನೋಡಿದರೆ ಇಳಿಜಾರಿನ ಮಣ್ಣು ಕೆಳಗೆ ಜಾರಿತ್ತು. ಒಂದು ಗುಪ್ಪೆಯೂ ನಿಂತಿರಲಿಲ್ಲ. ಕಲ್ಲುಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಎಲ್ಲವೂ ಕರೀ, ಎಲ್ಲವೂ ಒಂದೇ ಗುಡಿಯ ಚೂರು. ಇಡೀ ಮಧ್ಯಾಹ್ನ ಹುಡುಕಿ, ಇಲ್ಲೇ ಇರಬೇಕು ಎನ್ನಿಸಿದಲ್ಲಿ ಮತ್ತೆ ಮೂರು ಕಲ್ಲಿಟ್ಟ. ಮಂದಿ ಮತ್ತೆ ಬಂದರು, ಮತ್ತೆ ಗುಪ್ಪೆ ಕಟ್ಟಿದರು, ಕೆಡವಿದರು, ಕಟ್ಟಿದರು. ಒಂದು ದಿನ ತಾನಿಟ್ಟದ್ದೂ ಅವನಿಗೆ ಗುರುತು ಸಿಗಲಿಲ್ಲ. ಹತ್ತಿರದ್ದೊಂದರ ಮುಂದೆ ನಿಂತು ಬಂದ. ಯಾರಿಗೂ ತೋರಿಸುವುದಿರಲಿಲ್ಲವಾದ್ದರಿಂದ ಅಷ್ಟೇ ಸಾಕಾಗಿತ್ತು.

ಮಂಗಳವಾರ ರುಕ್ಮಿಣಿಬಾಯಿ ತಲೆ ಹಿಕ್ಕಿಕೊಂಡು, ಹುಣ್ಣಿಮೆಗೆ ವಿಹಾರಕ್ಕೆ ಉಡುವ ಬಿಳಿ ಸೀರೆ ಉಟ್ಟು, ಎರಡು ಮೇಣದಬತ್ತಿ, ಕಡ್ಡಿಪೆಟ್ಟಿಗೆ ಸೆರಗಿಗೆ ಕಟ್ಟಿಕೊಂಡಳು. ದಾರಿ ದ್ರಾಕ್ಷಿ ತೋಟದ ನಡುವೆಯೇ ಇತ್ತು. ಹೆಣ್ಣುಮಕ್ಕಳು ಸಾಲಾಗಿ ನಿಂತು ಬಳ್ಳಿಯ ಕಣ್ಣು ಎಣಿಸಿ ಕಡ್ಡಿ ಕತ್ತರಿಸುತ್ತಿದ್ದರು. ಕತ್ತರಿಸಿದ ತುದಿಯಲ್ಲಿ ನೀರು ಹನಿಯಾಗಿ ನಿಲ್ಲುತ್ತಿತ್ತು.

"ಏ ರುಕ್ಕಿ!" ಬೀಬಿಜಾನ ಕತ್ತರಿ ಎತ್ತಿ ಕೂಗಿದಳು. "ಕೆಲಸಕ್ಕ ಬಾ ಅಂದ್ರ ಹೊಟ್ಟಿನೋವು, ಗಂಡನ ಸಂಗಾಟ ಪಿಕನಿಕ್ಕಿಗಿ ಹೊಂಟೀಯೇನು? ಜಗ್ಗ್ಯಾ, ಆಕೀಗೂ ಟೋಪಿ ಹಾಕಲೇ!"

"ನಿನಗ ಹೊಟ್ಟಿಕಿಚ್ಚ ಬಿಡ ಬೀಬಿ," ಎಂದಳು ರುಕ್ಮಿಣಿಬಾಯಿ. "ನಿನ್ನ ಮಗನ ಜೀಪ ಅದಲ್ಲ, ಹೋಗು."

"ಅಂವಾ ನನ್ನ ಕೂಡಿಸ್ತಾನ? ಮಮ್ಮಿ, ತುಮ್ ಪೈದಲ್ ಆವ್ ಅಂತಾನ, ನಡಕೋತ ಬಾ ಅಂತ!"

ಸಾಲಿನುದ್ದಕ್ಕೂ ನಗು ಹೋಯಿತು. ಜಗದೇವ ಮುಂದೆ ಮುಂದೆ ನಡೆದ.

ಅಡವಿ ಶುರುವಾದ ಮೇಲೆ ಅವಳ ಹೆಜ್ಜೆ ನಿಧಾನವಾಯಿತು. ಮನೆಯಿಂದ ಎರಡು ಮೈಲಿಯ ಜಾಗ. ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಅವಳು ಇಲ್ಲಿಗೆ ಬಂದಿರಲಿಲ್ಲ. ಹೊಲದಲ್ಲಿ ಕೆಲಸವಿರುತ್ತಿತ್ತು, ಅಡವಿಯಲ್ಲಿ ಏನು ಕೆಲಸ? ಸೀತಾಫಲ ಗಿಡಗಳಲ್ಲಿ ಕಾಯಿ ಕಣ್ಣು ಬಿಟ್ಟಿದ್ದವು. ಹಳ್ಳದ ಸಪ್ಪಳ ಕೇಳಿಸಿತು. ಬಂಡೆಯ ಅಂಚಿಗೆ ಬಂದಾಗ ಧಬಧಬಿ ಕೆಳಗೆ ಎರಡು ಎಳೆಯಾಗಿ ಬೀಳುತ್ತಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು.

"ಇಷ್ಟ ಛಂದ ಅದ ಅಂತ ಹೇಳಿದ್ದಿಲ್ಲ ನೀ."

ಗುಡಿಯ ಬಾಗಿಲಿಗೆ ಬಂದು ಆನೆಯ ಬೆನ್ನು ಸವರಿದಳು. "ಇದರ ಸೊಂಡಿಲ ಎಲ್ಲಿ ಹೋತು?"

ಜಗದೇವನ ಬಾಯಿ ತಾನಾಗಿಯೇ ತೆರೆಯಿತು. "ಸಿಪಾಯಿಗಳು ಬಂದಾಗ ರಾಜ ಊರು ಬಿಟ್ಟು ಓಡಿದ. ಆನಿ ಒಂದೇ ಉಳೀತು. ಬಂದವರಿಗೆಲ್ಲ ಸೊಂಡಿಲಲೇ ನೀರು ಕುಡಿಸ್ತಿತ್ತು, ಶತ್ರುಗೂ ಕುಡಿಸ್ತು. ಅದಕ್ಕ ರಾಜನ ಮಂದೀನೇ ಕಡದರು."

"ಖರೇನ?"

"ಹೈದರಾಬಾದಿನವರಿಗಿ ಖರೇ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಪರೇಶನ್ ಆದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಬ್ಯಾಡ, ಬ್ಯಾಡ, ಹೊಲಿಗಿ ಜಗ್ತದ. ಎಲ್ಲಿ ಅದ, ಹೇಳು."

ಅವನು ಗುಡಿಯನ್ನು ಬಳಸಿ ಹಿಂದೆ ಹೋದ. ಅವಳು ಮೂಲೆ ತಿರುಗಿ ನಿಂತಳು.

ಇಳಿಜಾರು ತುಂಬ ಕಲ್ಲಿನ ಗುಪ್ಪೆಗಳು. ಮೂರರವು, ಐದರವು, ಮೊಣಕಾಲೆತ್ತರದವು, ಅಂಗೈಯಷ್ಟರವು. ಬಿಸಿಲಿಗೆ ಒಂದೊಂದರ ಪಕ್ಕ ಒಂದೊಂದು ನೆರಳು.

"ಇವೆಲ್ಲ ಏನು?"

"ಮಂದಿ ಇಡ್ತಾರ. ಹಂಗ ಸುಮ್ನ. ನಮ್ಮದು ಇಲ್ಲಿ, ಬಾ."

ಮೂರು ದಿನ ಯೋಚಿಸಿ ಅವನು ಒಂದನ್ನು ಆರಿಸಿಟ್ಟುಕೊಂಡಿದ್ದ. ಬಿದ್ದ ಕಂಬದ ಪಕ್ಕದ್ದು, ಸ್ವಲ್ಪ ಬೇರೆಯಾಗಿ ನಿಂತದ್ದು, ಮೇಲೆ ಕಾರೆಗಿಡದ ನೆರಳಿದ್ದದ್ದು. ಎಲ್ಲೂ ತಡೆಯದೆ ನೇರ ಅಲ್ಲಿಗೆ ನಡೆದ. ಬೆರಳು ಮಾಡಿ ತೋರಿಸಿದ.

ಅವಳು ಕೂತಳು. ಆಮೇಲೆ ಅಂಗೈಯನ್ನು ನೆಲದ ಮೇಲಿಟ್ಟು, ಮಲಗಿದ ಕೂಸಿನ ಬೆನ್ನ ಮೇಲೆ ಇಟ್ಟಂತೆ, ಭಾರ ಬಿಡದೆ ಹಿಡಿದಳು.

"ನಾ ಬಂದೀನವ್ವ," ಎಂದಳು. "ತಡಾ ಆತು. ನಿಮ್ಮಪ್ಪ ಕರಕೊಂಡು ಬರಲಿಲ್ಲ."

ಜಗದೇವ ಕಂಬದ ಕಡೆ ತಿರುಗಿ ನಿಂತ. ಕಡ್ಡಿ ಗೀರಿದ ಸಪ್ಪಳ ಕೇಳಿಸಿತು, ಒಂದು, ಎರಡು, ಮೂರು. ಗಾಳಿಗೆ ದೀಪ ನಿಲ್ಲುತ್ತಿರಲಿಲ್ಲ. ಮೇಲಿನ ಕಲ್ಲು ತೆಗೆದು ಗಾಳಿಗೆ ಅಡ್ಡ ಇಡೋಣವೆಂದು ಅವಳು ಅದನ್ನು ಎತ್ತಿದಳು.

ಕಲ್ಲಿನ ಕೆಳಗೆ ಚಾಕಲೇಟಿನ ಕಾಗದವೊಂದು ನಾಲ್ಕು ಮಡಿಕೆಯಾಗಿ ಇತ್ತು. ಬಿಡಿಸಿದಳು. ಬಿಳಿಯ ಬದಿಯಲ್ಲಿ ಪೆನ್ನಿನಿಂದ ಯಾವುದೋ ಮಗು ಮನೆ ಬರೆದಿತ್ತು. ಒಂದು ಬಾಗಿಲು, ಎರಡು ಕಿಟಕಿ, ಮೇಲೆ ನೀರಿನ ಟಾಕಿ. ಕೆಳಗೆ ಮರಾಠಿಯಲ್ಲಿ ಎರಡು ಹೆಸರು.

"ಇದು ಯಾರು ಇಟ್ಟಿದ್ದು?"

ಅವನು ಕಂಬದ ಕಡೆಯೇ ನೋಡುತ್ತಿದ್ದ.

"ಜಗದೇವ. ಕೂಸಿನ ಮ್ಯಾಲ ಇದು ಯಾರು ಇಟ್ಟರು?"

ಅವಳು ಅವನ ಹೆಸರು ಹಿಡಿದು ಕರೆಯುತ್ತಿದ್ದುದು ವರ್ಷಕ್ಕೊಮ್ಮೆಯೂ ಇಲ್ಲ. ಅವನು ತಿರುಗಿದ. ಅವಳ ಮುಖ ನೋಡಿ, ಪುಣೆಯ ಹೆಣ್ಣುಮಗಳು ಮನೆ ಮಾಡುವಾಗ ಇಟ್ಟಳೆಂದೋ, ಕುರಿಯವರ ಹುಡುಗರು ಆಟಕ್ಕೆ ಇಟ್ಟರೆಂದೋ ಹೇಳಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದಿದ್ದವು. ಅವನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ಹೇಳಿದ. ಮೂರು ಕಲ್ಲು, ತಾನು ಹೇಳಿದ ಸುಳ್ಳು, ವಾರಕ್ಕೆರಡು ದಿನ ಬಂದು ನಿಂತದ್ದು, ಮಳೆ, ತಾನು ಮತ್ತೆ ಇಟ್ಟದ್ದು, ಅದೂ ಕಳೆದದ್ದು.

"ಅಂದ್ರ ಇದು ಅಲ್ಲ."

"ಇರಬಹುದು. ಈ ಕಡಿನೇ ಎಲ್ಲೋ. ಈ ಇಪ್ಪತ್ತು ಮೂವತ್ತು ಮಾರಿನಾಗ."

"ಇರಬಹುದು," ಎಂದಳು. ಅಂಗೈಯನ್ನು ನೆಲದಿಂದ ತೆಗೆದಳು. ಅದಕ್ಕೆ ಹತ್ತಿದ ಮಣ್ಣನ್ನು ಒರೆಸಿಕೊಳ್ಳಬೇಕೋ ಬೇಡವೋ ತಿಳಿಯದೆ ಹಾಗೇ ತೆರೆದು ಹಿಡಿದಳು.

"ನಿನಗ ಗೊತ್ತದೇನು," ಎಂದಳು. ಅವಳ ದನಿ ಏರಲಿಲ್ಲ. "ಹದಿಮೂರು ವರ್ಷ ನನಗ ಊರ ಸುತ್ತಿನ ನೆಲಾ ಎಲ್ಲಾ ಕೂಸಿನ ಜಾಗಾನೇ ಅನಸ್ತಿತ್ತು. ನಸಿಕಿನಾಗ ಬಯಲಕಡಿಗಿ ಹೋದರ ಕುಂದ್ರಾಕ ಮನಸ ಬರ್ತಿದ್ದಿಲ್ಲ. ಇಲ್ಲೇ ಇದ್ದರ ಅಂತ ಎದ್ದು ಮುಂದಕ್ಕ ಹೋಗ್ತಿದ್ದೆ. ಅಲ್ಲೂ ಇದ್ದರ ಅಂತ ಮತ್ತ ಮುಂದಕ್ಕ. ಹೆಣಮಕ್ಕಳೆಲ್ಲ ನಗ್ತಿದ್ದರು, ರುಕ್ಕಿಗಿ ಜಾಗಾನೇ ಪಸಂದ ಬರಂಗಿಲ್ಲ ಅಂತ. ನೀ ಇಲ್ಲಿ ವಾರಕ್ಕ ಎರಡ ದಿನ ಬಂದು ನಿಂತು ಹೋಗ್ತಿದ್ದಿ."

"ಅವ್ವಗ ಮಾತು—"

"ಅತ್ತಿ ಗುರುತು ಇಡಬ್ಯಾಡ ಅಂದಿದ್ದಳು. ಇಟ್ಟಿ. ನಿನಗ ಬೇಕಾಗಿತ್ತು, ಇಟ್ಟಿ. ನನಗ ಬೇಕಾಗಿದ್ದಕ್ಕಷ್ಟೇ ಆಕೀ ಮಾತು ಕೇಳ್ದಿ."



ಅವಳು ಎದ್ದಳು. ಪಕ್ಕದ ಗುಪ್ಪೆಯ ಮೇಲಿನ ಕಲ್ಲು ತೆಗೆದು ಕೆಳಗೆ ನೋಡಿದಳು. ಆಮೇಲೆ ಅದರಾಚೆಯದು. ಏನು ಹುಡುಕುತ್ತಿದ್ದಾಳೆಂದು ಅವಳಿಗೂ ಗೊತ್ತಿರಲಿಲ್ಲ. ಮಣ್ಣಿನ ಬಣ್ಣವೋ, ತಗ್ಗೋ, ಏನೋ. ಬಾಟಲಿಯ ಮುಚ್ಚಳ, ಕೂದಲಿನ ಕ್ಲಿಪ್ಪು, ಬಸ್ಸಿನ ಟಿಕೆಟು ಸಿಕ್ಕವು. "ಬಗ್ಗಬ್ಯಾಡ, ಡಾಕ್ಟರು ಹೇಳ್ಯಾರ," ಎಂದು ಜಗದೇವ ಹಿಂದೆ ಹಿಂದೆ ಹೋದ. ಅವಳು ಕೇಳಿಸಿಕೊಳ್ಳಲಿಲ್ಲ. ಬಿಳಿ ಸೀರೆಯ ನೆರಿಗೆಗೆ ಕಾರೆಮುಳ್ಳು ಹಿಡಿದು ಹರಿಯಿತು. ಮೂವತ್ತು ನಲವತ್ತು ಗುಪ್ಪೆ ಬಿಚ್ಚಿದ ಮೇಲೆ ಕಿಬ್ಬೊಟ್ಟೆ ಹಿಡಿದುಕೊಂಡು ಒಂದು ಕಲ್ಲಿಗೆ ಒರಗಿದಳು. ಹಣೆಯಲ್ಲಿ ಬೆವರು ಸುರಿಯುತ್ತಿತ್ತು.

ಬಿಸಿಲು ನೆತ್ತಿಗೆ ಬಂದಿತ್ತು. ಕೆಳಗೆ ಹಳ್ಳದ ಸಪ್ಪಳವಿತ್ತು. ದೂರದ ತೋಟದಿಂದ ಹೆಣ್ಣುಮಕ್ಕಳು ಊಟಕ್ಕೆ ಕೂಗಿಕೊಳ್ಳುವ ದನಿ ಬಂತು.

"ಹೋಗಲಿ," ಎಂದಳು ರುಕ್ಮಿಣಿಬಾಯಿ. "ಮುಖಾ ನೋಡಿದ್ದಿಲ್ಲೋ ನೀ? ಯಾರ ಹಂಗಿದ್ದಳು?"

ಜಗದೇವ ಅವಳ ಎದುರು ಕೂತ. ಇದು ಅವನಿಗೆ ಗೊತ್ತಿತ್ತು. ಇಳಿಜಾರು ಜಾರಿದರೂ ಇದು ಜಾರಿರಲಿಲ್ಲ. ಬೆಳಗಿನ ಜಾವ ಕೂಸನ್ನು ಅವನ ಕೈಗೆ ಕೊಟ್ಟಾಗ ವರಾಂಡದ ಟ್ಯೂಬ್‌ಲೈಟಿನ ಕೆಳಗೆ ಬಟ್ಟೆ ಸರಿಸಿ ನೋಡಿದ್ದ. ಇಲ್ಲಿ, ಕುಣಿ ತೋಡಿದ ಮೇಲೆ, ಬೆಳಕಿನಲ್ಲಿ ಇನ್ನೊಮ್ಮೆ ನೋಡಿದ್ದ.

"ನಿನ್ನ ಹಂಗ," ಎಂದ. "ಹಣಿ ನಿಂದು. ಕೂದಲ ಭಾಳ ಇದ್ದವು, ಕಿವಿ ಮ್ಯಾಲ ಬಿದ್ದಿದ್ದವು. ಎಡಗಿವಿ ತುದಿ ಜರಾ ಮಡಚಿತ್ತು, ನಾ ಬಿಡಿಸಿ ನೋಡ್ದೆ, ಮತ್ತ ಮಡಚಿಕೋತು. ತುಟಿ ಹಿಂಗ ಮುಂದ ಮಾಡಿದ್ದಳು, ನೀ ಸಿಟ್ಟಿಗೆದ್ದಾಗ ಮಾಡ್ತಿಯಲ್ಲ, ಹಂಗ. ಗದ್ದದ ಮ್ಯಾಲ ಒಂದು ಮಚ್ಚಿ..."

ಹೇಳುತ್ತ ಹೇಳುತ್ತ ಅವನ ದನಿಗೆ ಅಭ್ಯಾಸದ ಓಟ ಬಂತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮೆಲ್ಲಗೆ ಹೇಳಬೇಕು ಎಂದು ಆರೇಳು ವರ್ಷ ಶನಿವಾರ ರವಿವಾರ ಕಲಿತ ದನಿ. ಅದು ಅವನಿಗೇ ಕೇಳಿಸಿತು. ತಡೆಯಲು ನೋಡಿದ, ಆಗಲಿಲ್ಲ; ಅವನಿಗೆ ಈಗ ಬೇರೆ ದನಿಯಿರಲಿಲ್ಲ. ಮಾತು ನಿಲ್ಲಿಸಿದ.

ರುಕ್ಮಿಣಿಬಾಯಿ ಅವನ ಕಣ್ಣನ್ನೇ ನೋಡುತ್ತಿದ್ದಳು. ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು, ಮತ್ತೆ ಮೊದಲಿನದು. ನಂಬಬೇಕೆಂದು ಅವಳು ಬಹಳ ಪ್ರಯತ್ನಪಡುತ್ತಿದ್ದುದು ಕಾಣುತ್ತಿತ್ತು.

"ಮಚ್ಚಿ ಯಾವ ಕಡಿ ಇತ್ತು?" ಎಂದಳು.

"ಬಲಕ್ಕ."

ಅವಳು ತನ್ನ ಗದ್ದದ ಬಲಗಡೆ ಬೆರಳಿಟ್ಟು ನೋಡಿಕೊಂಡಳು.

"ಖರೇ ಅಂತೇನಿ ರುಕ್ಕಿ. ಇದೊಂದು ಖರೇ."

"ಇರಬಹುದು," ಎಂದಳು ಅವಳು. "ನನಗ ಗೊತ್ತಾಗವಲ್ದು."

ಅವನು ಎಬ್ಬಿಸಲು ಕೈ ಚಾಚಿದ. ಅವಳು ಹಿಡಿಯಲಿಲ್ಲ. ಕಲ್ಲಿನ ಮೇಲೆ ಎರಡೂ ಕೈ ಊರಿ, ಹೊಲಿಗೆ ಜಗ್ಗದಂತೆ ನಿಧಾನ ತಾನೇ ಎದ್ದು, ಹರಿದ ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು, ಕೆಳಗೆ ಇಳಿಯತೊಡಗಿದಳು. ಇಳಿಯುವಾಗ ಒಂದೊಂದು ಹೆಜ್ಜೆಯನ್ನೂ, ಪಾದ ಇಡುವ ನೆಲವನ್ನು ನೋಡಿ ನೋಡಿ, ಹಗುರಾಗಿ ಇಡುತ್ತಿದ್ದಳು.